ಸರಿಯಾಗಿ 2300 ಆರ್‌ಪಿಎಂಗೆ ಡ್ಯಾಶ್ ಒಳಗೆ ‘ಟರ್ರ್’: ಎಲ್ಲಿಂದ ಹುಡುಕೋಕೆ ಶುರು ಮಾಡೋದು?

ಗಡಗಡೆ_72
ಗಾಡಿ 1972ರ ಎಂಜಿಬಿ ಜಿಟಿ, ಹಳೇ ಬ್ರಿಟಿಷ್ ಕಾರು. ಬಲಗೈ ಸ್ಟೀರಿಂಗ್, ಸ್ಟೀಲ್ ಡ್ಯಾಶ್, ಓವರ್‌ಡ್ರೈವ್ (ಎಂಜಿನ್ ವೇಗ ಇಳಿಸೋ ಹೆಚ್ಚುವರಿ ಗೇರ್) ಇಲ್ಲ. ನಾಲ್ಕನೇ ಗೇರಲ್ಲಿ ಗಂಟೆಗೆ 65 ಕಿ.ಮೀ. (ಎಂಜಿನ್ ನಿಮಿಷಕ್ಕೆ ಸುಮಾರು 2300 ಸುತ್ತು) ಮುಟ್ಟುತ್ತಿದ್ದ ಹಾಗೆ ಡ್ಯಾಶ್‌ನ ಎಡಗಡೆಯಿಂದ ಸಣ್ಣಗೆ ‘ಟರ್ರ್ರ್’ ಅಂತ ಶುರುವಾಗುತ್ತೆ, ಬೆಂಕಿಪೊಟ್ಟಣದಲ್ಲಿ ಜೀರುಂಡೆ ಕೂಡಿಹಾಕಿದ ಹಾಗೆ. 75 ದಾಟಿದರೆ ಮಾಯ. ಗ್ಲೋವ್‌ಬಾಕ್ಸ್ ಮುಚ್ಚಳವನ್ನ ಅಂಗೈಯಲ್ಲಿ ಒತ್ತಿ ಹಿಡಿದರೂ ನಿಲ್ಲುತ್ತೆ.

ಇಲ್ಲಿವರೆಗೆ ಆಗಿರೋದು: ಗ್ಲೋವ್‌ಬಾಕ್ಸ್ ಖಾಲಿ, ಮುಚ್ಚಳದ ರಬ್ಬರ್ ಬಫರ್ ಹೊಸದು, ಕಣ್ಣಿಗೆ ಕಾಣೋ ಸ್ಕ್ರೂಗಳೆಲ್ಲ ಬಿಗಿ. ಶಬ್ದ ಇದ್ದಲ್ಲೇ ಇದೆ. ಡ್ಯಾಶ್ ಪೂರ್ತಿ ಬಿಚ್ಚಿ ನಡುಕ ತಗ್ಗಿಸೋ ಡ್ಯಾಂಪಿಂಗ್ ಶೀಟ್ ಹೊಡೆಯೋದಾ, ಇಲ್ಲ ಹುಡುಕೋಕೆ ಏನಾದ್ರೂ ಕ್ರಮ ಇದೆಯಾ?

ನಟ್ಟುಬೋಲ್ಟು
ಮುಚ್ಚಳ ಒತ್ತಿದ್ರೆ ನಿಲ್ಲುತ್ತೆ ಅಂದ್ಮೇಲೆ ಇನ್ನೇನು ಬೇಕು ಗುರು, ಮುಚ್ಚಳದ್ದೇ ಶಬ್ದ. ಚಿಲಕದ ಸ್ಟ್ರೈಕರ್ ಒಂದು ಮಿ.ಮೀ. ಒಳಗೆ ತಳ್ಳಿ, ಅಂಚಿಗೆ 2 ಮಿ.ಮೀ. ಫೆಲ್ಟ್ ಅಂಟಿಸಿ. ಕೆಲಸ ಮುಗೀತು.

ಹಳೇಪಾನಾ
ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಮುಚ್ಚಳ ಒತ್ತಿದಾಗ ಅದೊಂದೇ ಅಲ್ಲ, ಇಡೀ ಸ್ಟೀಲ್ ಪ್ಯಾನೆಲ್ ಅರ್ಧ ಮಿ.ಮೀ. ಒಳಗೆ ಬಾಗುತ್ತೆ. ಅದರ ಹಿಂದೆ ತಾಗಿಕೊಂಡಿದ್ದ ಯಾವುದೋ ವಸ್ತುವಿನ ಮೇಲೆ ಭಾರ ಬೀಳುತ್ತೆ, ಇಲ್ಲವೇ ಅದು ದೂರ ಸರಿಯುತ್ತೆ. ಎರಡರಲ್ಲೂ ಶಬ್ದ ನಿಲ್ಲುತ್ತೆ. ಒತ್ತಿದ ಜಾಗದಿಂದ ಇಷ್ಟೇ ಗೊತ್ತಾಗೋದು: ಕಳ್ಳ ಈ ಪ್ಯಾನೆಲ್‌ಗೆ ಎಲ್ಲೋ ಮುಟ್ಟಿಕೊಂಡಿದ್ದಾನೆ.

ಬಿಚ್ಚೋಕೆ ಮುಂಚೆ ಮೂರು ಪರೀಕ್ಷೆ ಮಾಡಿ. ಒಂದಕ್ಕೂ ಸ್ಪ್ಯಾನರ್ ಬೇಡ.

ಒಂದು: ಕಾರು ಬಯಲಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಅನ್ನ ನಿಧಾನಕ್ಕೆ 800ರಿಂದ 3000ಕ್ಕೆ ಏರಿಸಿ, ಅಷ್ಟೇ ನಿಧಾನಕ್ಕೆ ಇಳಿಸಿ. ಯಾವ ಆರ್‌ಪಿಎಂಗೆ ಶುರು, ಯಾವುದಕ್ಕೆ ನಿಲುಗಡೆ ಅಂತ ಬರೆದಿಡಿ. ನಿಂತಾಗ ಎಂಜಿನ್ ಮೇಲೆ ಲೋಡ್ ಇರಲ್ಲ, ಅದಕ್ಕೆ ಶಬ್ದ ಮೆತ್ತಗಿರುತ್ತೆ; ಕೇಳಲಿಲ್ಲ ಅಂತ ತಕ್ಷಣ ಕೈಬಿಡಬೇಡಿ.

ಎರಡು: ಖಾಲಿ ರಸ್ತೆಯಲ್ಲಿ ಶಬ್ದ ಬರುತ್ತಿರುವಾಗಲೇ ಕ್ಲಚ್ ಒತ್ತಿ ಎಂಜಿನ್ ಅನ್ನ ಐಡಲ್‌ಗೆ ಬಿಡಿ. ಕಾರಿನ ವೇಗ ಅದೇ, ಎಂಜಿನ್ ಮಾತ್ರ ಇಳಿದಿರುತ್ತೆ. ಶಬ್ದ ಸತ್ತರೆ ಎಂಜಿನ್ ಕಂಪನ. ಮುಂದುವರಿದರೆ ಚಕ್ರ, ಪ್ರೊಪೆಲ್ಲರ್ ಶಾಫ್ಟ್, ಸ್ಪೀಡೋಮೀಟರ್ ಕೇಬಲ್ ಅಥವಾ ಗಾಳಿ. ಎಂಜಿನ್ ಆಫ್ ಮಾತ್ರ ಮಾಡಬೇಡಿ: ಬ್ರೇಕ್ ಸರ್ವೋ (ಬ್ರೇಕ್ ಒತ್ತೋಕೆ ನೆರವಾಗೋ ಭಾಗ) ಇರೋ ಕಾರಲ್ಲಿ ವ್ಯಾಕ್ಯೂಮ್ ಹೋಗುತ್ತೆ, ಸ್ಟೀರಿಂಗ್ ಲಾಕ್ ಇದ್ದರೆ ಕೀ ಹಿಂದಕ್ಕೆ ತಿರುಗಿಸೋದು ಪ್ರಾಣಾಪಾಯ.

ಮೂರು: ಅದೇ ಆರ್‌ಪಿಎಂ, ಬೇರೆ ಗೇರ್. ಮೂರನೇ ಗೇರಲ್ಲಿ ಗಂಟೆಗೆ ಸುಮಾರು 48 ಕಿ.ಮೀ.ಗೆ ಅದೇ ಶಬ್ದ ಬಂದರೆ ಎಂಜಿನ್ ಕಂಪನವೇ, ಅನುಮಾನವೇ ಬೇಡ.

ಇದು ಮೂರೂ ಆದ್ಮೇಲೆ ಡ್ಯಾಶ್ ಹಿಂದೆ ಕೈ ಹಾಕಿ. ಈಗಲೇ ಫೆಲ್ಟ್ ಅಂಟಿಸಿದರೆ ಕಳ್ಳ ಮನೆ ಬದಲಾಯಿಸ್ತಾನೆ, ಅಷ್ಟೇ.

ಲೆಕ್ಕದಮೇಷ್ಟ್ರು
ಮೇಲಿನದಕ್ಕೆ ಲೆಕ್ಕ ಸೇರಿಸ್ತೀನಿ. ಓವರ್‌ಡ್ರೈವ್ ಇಲ್ಲದ ಎಂಜಿಬಿ ನಾಲ್ಕನೇ ಗೇರಲ್ಲಿ ಪ್ರತಿ 1000 ಆರ್‌ಪಿಎಂಗೆ ಗಂಟೆಗೆ ಹೆಚ್ಚುಕಡಿಮೆ 29 ಕಿ.ಮೀ. ಓಡುತ್ತೆ. 66ಕ್ಕೆ ಬಂತು 2300. ನಾಲ್ಕು ಸಿಲಿಂಡರ್, ಫೋರ್-ಸ್ಟ್ರೋಕ್: ಕ್ರ್ಯಾಂಕ್ ಒಂದು ಸುತ್ತಿಗೆ ಎರಡು ಫೈರಿಂಗ್. 2300 ಭಾಗಿಸು 60, ಗುಣಿಸು 2, ಅಂದ್ರೆ ಸೆಕೆಂಡಿಗೆ 77 ಸಲ. ಇನ್‌ಲೈನ್ ನಾಲ್ಕರ ಪಿಸ್ಟನ್‌ಗಳ ಎರಡನೇ ಆರ್ಡರ್ ನಡುಕವೂ ಕ್ರ್ಯಾಂಕ್ ವೇಗದ ಎರಡರಷ್ಟೇ, ಅದೂ 77 ಹರ್ಟ್ಜ್‌ಗೇ ಬಂದು ಕೂರುತ್ತೆ. ಚಕ್ರದ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ ಅಂತ ಹಿಡಿದರೆ ಅದು ಸೆಕೆಂಡಿಗೆ ಒಂಬತ್ತೂವರೆ ಸುತ್ತು ಮಾತ್ರ. ಜೀರುಂಡೆ ತರ ಬಿಡುವಿಲ್ಲದ ಟರ್ರ್ ಅಂದ್ರೆ 77ರ ಕಡೆಯದು. ಚಕ್ರದ್ದಾಗಿದ್ದರೆ ಬಿಡಿಬಿಡಿಯಾಗಿ ‘ಟಕ್ ಟಕ್ ಟಕ್’ ಅಂತ ಎಣಿಸೋ ಹಾಗಿರ್ತಿತ್ತು.

ಸೀಟಿನಡಿ
ಎಲ್ಲಕ್ಕೂ ಮೊದಲು ಗಾಡಿ ಖಾಲಿ ಮಾಡಿ. ಜಾಕು, ಪಾನಾ, ಸೀಟಿನಡಿ ಬಿದ್ದ ಚಿಲ್ಲರೆ, ಆಶ್‌ಟ್ರೇ, ಪಿಲ್ಲರ್‌ಗೆ ಬಡಿಯೋ ಸೀಟ್‌ಬೆಲ್ಟ್ ಬಕಲ್, ಸನ್‌ವೈಸರ್ ಕೊಕ್ಕೆ, ಒಳದೀಪದ ಗಾಜು. ಜಿಟಿ ಅಂದ್ರೆ ಸ್ಪೇರ್ ವೀಲ್ ಬಿಗಿಯೋ ಬೋಲ್ಟು, ಹಿಂದಿನ ಸೀಟು ಮಡಚೋ ಚಿಲಕ, ಹಿಂಬಾಗಿಲ ರಬ್ಬರ್ ಬಫರ್ ಕೂಡ. ಮುಂದೆ ಕೂತವರಿಗೆ ಹಿಂದಿನ ಶಬ್ದವೂ ಗಾಜಿಗೆ ಬಡಿದು ಮುಂದಿನಿಂದಲೇ ಬಂದ ಹಾಗೆ ಕೇಳುತ್ತೆ.

ತೂತುಮಡಿಕೆ
ಇಷ್ಟೆಲ್ಲ ಯಾಕೆ? ಗ್ಲೋವ್‌ಬಾಕ್ಸ್ ತೆಗೆದು ಹಿಂದೆ ಎಕ್ಸ್‌ಪ್ಯಾಂಡಿಂಗ್ ಪಿಯು ಫೋಮ್ (ಉಬ್ಬಿ ಗಟ್ಟಿಯಾಗೋ ನೊರೆ) ಒಂದು ಕ್ಯಾನ್ ಹೊಡೆದ್ರೆ ಯಾವುದೂ ಅಲ್ಲಾಡಲ್ಲ.

ಹಳೇಪಾನಾ
ದಯವಿಟ್ಟು ಬೇಡ.

ವೈರಿಂಗಕ್ಕ
ಬೇಡ ಅಂದ್ರೆ ಯಾಕೆ ಬೇಡ ಅಂತಾನೂ ಹೇಳಿ, ಇಲ್ಲಾಂದ್ರೆ ಯಾರೋ ಒಬ್ಬರು ಮಾಡೇ ಮಾಡ್ತಾರೆ. ಪಿಯು ಫೋಮ್ ವೈರಿಂಗ್ ಲೂಮನ್ನ (ವೈರುಗಳ ಕಟ್ಟನ್ನ) ನುಂಗಿ ಗಟ್ಟಿಯಾಗುತ್ತೆ. ಆಮೇಲೆ ಒಂದು ಬಲ್ಬ್ ಹೋಲ್ಡರ್ ತೆಗೆಯೋಕೂ ಚಾಕುವಿನಲ್ಲಿ ಕೆತ್ತಬೇಕು. ಕೆತ್ತುವಾಗ ಐವತ್ತು ವರ್ಷದ ಪಿವಿಸಿ ವೈರಿನ ಸಿಪ್ಪೆ ಹೋಗುತ್ತೆ. ಹೀಟರ್ ಫ್ಲ್ಯಾಪ್, ವೈಪರ್ ರ‍್ಯಾಕ್ (ವೈಪರ್ ಎಳೆದಾಡೋ ಹಲ್ಲುತಂತಿ), ಕೇಬಲ್‌ಗಳು ಸಿಕ್ಕಿಹಾಕಿಕೊಳ್ಳುತ್ತವೆ. ಸ್ಕಟಲ್‌ನಿಂದ (ಮುಂಗಾಜಿನ ಬುಡದ ತಗಡು) ನೀರು ಜಿನುಗಿದರೆ ಫೋಮಿಗೂ ತಗಡಿಗೂ ನಡುವೆ ನಿಂತು ತುಕ್ಕು ಹಿಡಿಸುತ್ತೆ, ಹೊರಗಿಂದ ಏನೂ ಕಾಣಲ್ಲ. ಬೆಂಕಿ ಬಿದ್ದರೆ ಚೆನ್ನಾಗಿ ಉರಿಯೋ ಪದಾರ್ಥ ಬೇರೆ.

ಡ್ಯಾಶ್ ಹಿಂದೆ ಕೈ ಹಾಕೋ ಎಲ್ಲರಿಗೂ ಇನ್ನೊಂದು ಮಾತು. ಬ್ಯಾಟರಿ ಕಳಚಿ, ಕಾರಿನ ಲೋಹದ ಬಾಡಿಗೆ ಜೋಡಿಸಿರೋ (ಅರ್ಥ್) ತುದಿಯನ್ನೇ ಮೊದಲು. ಯಾವುದು ಅರ್ಥ್ ಅಂತ ಕಣ್ಣಾರೆ ನೋಡಿಕೊಳ್ಳಿ: 1967ರ ಮಾಡೆಲ್ ಬದಲಾವಣೆವರೆಗಿನ ಎಂಜಿಬಿ ಪಾಸಿಟಿವ್ ಅರ್ಥ್, ನಂತರದ್ದು ನೆಗೆಟಿವ್. 1972ರದ್ದರಲ್ಲಿ ಎರಡು 6 ವೋಲ್ಟ್ ಬ್ಯಾಟರಿ, ಹಿಂದಿನ ನೆಲದಡಿ. ಲೂಕಸ್ ಕಂಪನಿಯ ವೈರಿಂಗಲ್ಲಿ ಕಂದು ವೈರು ಬ್ಯಾಟರಿಯಿಂದ ನೇರ ಬರುತ್ತೆ, ಮಧ್ಯೆ ಫ್ಯೂಸ್ ಇಲ್ಲ. ಬಿಳಿ ವೈರು ಇಗ್ನಿಷನ್ ಸ್ವಿಚ್‌ನಿಂದ, ಅದಕ್ಕೂ ಇಲ್ಲ. ಸ್ಕ್ರೂಡ್ರೈವರ್ ತುದಿ ಕಂದು ಟರ್ಮಿನಲ್‌ಗೂ ಸ್ಟೀಲ್ ಡ್ಯಾಶ್‌ಗೂ ಒಟ್ಟಿಗೆ ತಾಗಿದರೆ ಲೂಮೇ ಫ್ಯೂಸು.

ತೂತುಮಡಿಕೆ
ಸರಿ ಅಕ್ಕ, ಕ್ಯಾನ್ ಕೆಳಗಿಟ್ಟೆ 🙏

ಬಡಗುಮನೆ
ಹಳೇ ಗಾಡಿ ಅಂದ್ಮೇಲೆ ಮಾತಾಡ್ಲೇಬೇಕು ಮಾರಾಯ್ರೆ. ಸುಮ್ಮನಿರೋ ಗಾಡಿ ಕಂಡ್ರೇ ಹೆದರಿಕೆ.

ಗಡಗಡೆ_72
ಪರೀಕ್ಷೆ ಫಲಿತಾಂಶ:
ನ್ಯೂಟ್ರಲ್‌ನಲ್ಲಿ 2250ರಿಂದ 2400, ಶಬ್ದ ಮೆತ್ತಗೆ, ಆದರೆ ಇದೆ.
66ರಲ್ಲಿ ಕ್ಲಚ್ ಒತ್ತಿದ ಕೂಡಲೇ ನಿಂತಿತು.
ಮೂರನೇ ಗೇರಲ್ಲಿ 47-49ಕ್ಕೆ ಮತ್ತೆ ಅದೇ ಟರ್ರ್.
ಗಾಡಿ ಪೂರ್ತಿ ಖಾಲಿ ಮಾಡಿದರೂ ವ್ಯತ್ಯಾಸ ಇಲ್ಲ.
ಫೋನಲ್ಲಿ 77 ಹರ್ಟ್ಜ್ ಟೋನ್ ಹಾಕಿದರೆ ಡ್ಯಾಶ್ ಕಮಕ್ ಕಿಮಕ್ ಅನ್ನಲಿಲ್ಲ.

ಲೆಕ್ಕದಮೇಷ್ಟ್ರು
ಫೋನಿನ ಸ್ಪೀಕರ್ 77 ಹರ್ಟ್ಜ್ ಹೊರಡಿಸೋದೇ ಇಲ್ಲ, ಅಷ್ಟು ಸಣ್ಣ ತಮಟೆಗೆ ಆ ತಾಕತ್ತಿಲ್ಲ. ಕನಿಷ್ಠ ಎಂಟು ಇಂಚಿನ ವೂಫರ್ ಇರೋ ಸ್ಪೀಕರನ್ನ ಸೀಟಿನ ಮೇಲಿಟ್ಟು 40ರಿಂದ 150ರವರೆಗೆ ನಿಧಾನಕ್ಕೆ ಸ್ವೀಪ್ ಮಾಡಿ. ಎಂಜಿನ್ ಆಫ್ ಇರೋದ್ರಿಂದ ಕಿವಿಗೆ ಸಲೀಸು. ಒಂದು ಎಚ್ಚರ: ಸ್ಪೀಕರ್ ಗಾಳಿಯ ಮೂಲಕ ಅಗಲ ಪ್ಯಾನೆಲ್‌ಗಳನ್ನ ಅಲ್ಲಾಡಿಸುತ್ತೆ, ಎಂಜಿನ್ ಲೋಹದ ಮೂಲಕ. ಸ್ಪೀಕರಿಗೆ ಬಾರದೆ ಎಂಜಿನ್‌ಗೆ ಮಾತ್ರ ಬರೋ ಶಬ್ದ ಅಂದ್ರೆ ಕಂಪನ ಗಟ್ಟಿ ಸಂಪರ್ಕದಿಂದ ಬರ್ತಿದೆ ಅಂತ.

ಹಳೇಪಾನಾ
ಗಟ್ಟಿ ಸಂಪರ್ಕ. ಅದನ್ನೇ ಹಿಡ್ಕೊಳ್ಳಿ.

ಎಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ, ಅದರ ನಡುಕ ಬಾಡಿಗೆ ಬರಬಾರದು ಅಂತಲೇ ಆ ರಬ್ಬರ್. ಆದ್ರೆ ಎಂಜಿನ್‌ನಿಂದ ಡ್ಯಾಶ್‌ಗೆ ಮೌಂಟ್ ತಪ್ಪಿಸಿ ನೇರ ಬರೋ ಹಗ್ಗಗಳಿವೆ. ಲೆಕ್ಕ ಹಾಕಿ: ಚೋಕ್ ಕೇಬಲ್. ಹೀಟರ್ ವಾಲ್ವ್ ಕೇಬಲ್ (ವಾಲ್ವ್ ಬೋಲ್ಟ್ ಆಗಿರೋದು ಎಂಜಿನ್ ಮೇಲೇ, ಬಾಡಿಗಲ್ಲ). ಗೇರ್‌ಬಾಕ್ಸ್‌ನಿಂದ ಸ್ಪೀಡೋ ಕೇಬಲ್. ಆಯಿಲ್ ಪ್ರೆಶರ್ ಗೇಜ್ ಯಾಂತ್ರಿಕವಾಗಿದ್ದರೆ ಅದರ ಪೈಪು. ನೀರಿನ ಟೆಂಪರೇಚರ್ ಗೇಜ್ ಕ್ಯಾಪಿಲರಿಯದ್ದಾಗಿದ್ದರೆ ಅದರ ತೆಳು ಕೊಳವೆ. ಇವುಗಳಲ್ಲಿ ಯಾವುದಾದ್ರೂ ಬಿಗಿಯಾಗಿ ಎಳೆದುಕೊಂಡಿದ್ದರೆ ಎಂಜಿನ್‌ನ 77 ಹರ್ಟ್ಜ್ ಸೀದಾ ಡ್ಯಾಶ್ ಹಿಂದಕ್ಕೆ ಬರುತ್ತೆ, ದಾರದ ಟೆಲಿಫೋನ್ ಇದ್ದ ಹಾಗೆ.

ಬಿಚ್ಚದೆ ಪತ್ತೆ ಹಚ್ಚೋದು ಹೀಗೆ. ಒಬ್ಬರು ನ್ಯೂಟ್ರಲ್‌ನಲ್ಲಿ 2300 ಹಿಡಿದು ಕೂರಲಿ. ಇನ್ನೊಬ್ಬರು ಡ್ಯಾಶ್ ಕಡೆಯಿಂದ ಒಂದೊಂದೇ ಮಾಡಲಿ: ಚೋಕ್ ಗುಂಡಿ ಎರಡು ಮಿ.ಮೀ. ಎಳೆಯೋದು, ಹೀಟರ್ ಗುಂಡಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸೋದು. ಒಳಗಿನ ತಂತಿ ಎಳೆತಕ್ಕೆ ಬಂದಾಗ ಕೇಬಲ್‌ನ ಬಾಗು ಬದಲಾಗುತ್ತೆ, ಶಬ್ದವೂ ಬದಲಾಗುತ್ತೆ. ಬಾನೆಟ್ ಕಡೆಯಿಂದ ಕೈ ಹಾಕೋರು ಫ್ಯಾನ್, ಬೆಲ್ಟ್, ಎಕ್ಸಾಸ್ಟ್‌ನಿಂದ ದೂರ ಇರಿ. ಸಡಿಲ ತೋಳು, ಉದ್ದ ದಾರ, ಬಳೆ ಬೇಡ.

ವೈರಿಂಗಕ್ಕ
ಕ್ಯಾಪಿಲರಿ ಕೊಳವೆ ವಿಷಯ ಹುಷಾರು. ಸ್ಮಿತ್ಸ್ ಗೇಜ್‌ಗಳದ್ದಾದ್ರೆ ಒಳಗೆ ಈಥರ್ ಇರುತ್ತೆ. ಒಮ್ಮೆ ಮಡಚಿ ಸೀಳಿದರೆ ಈಥರ್ ಹಾರಿಹೋಗಿ ಗೇಜ್ ಸತ್ತ ಹಾಗೇ. ಕೊಳವೆ ಮಾತ್ರ ಬದಲಿಸೋಕೆ ಬರಲ್ಲ, ಗೇಜನ್ನೇ ರಿಪೇರಿಗೆ ಕಳಿಸಬೇಕು. ಬಲ್ಕ್‌ಹೆಡ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಹತ್ತಿರ ಒಂದೆರಡು ಸುತ್ತು ಸುರುಳಿ ಬಿಟ್ಟಿರೋದು ಎಂಜಿನ್ ಅಲ್ಲಾಟ ತಡೆಯೋಕೆ. ಅಂದಕ್ಕೆ ಅಂತ ಅದನ್ನ ಬಿಚ್ಚಿ ನೇರ ಮಾಡಬೇಡಿ, ತಗಡಿಗೆ ಕೇಬಲ್ ಟೈ ಹಾಕಿ ಬಿಗಿಯಲೂ ಬೇಡಿ. ಸುರುಳಿ ತಗಡಿಗೆ ತಾಗಿ ಝರ್ ಅಂದರೆ ರಬ್ಬರ್ ಹೋಸ್ ಒಂದು ತುಂಡು ಉದ್ದಕ್ಕೆ ಸೀಳಿ ಅದರ ಮೇಲೆ ತೊಡಿಸಿದರೆ ಸಾಕು.

ಗೇರಣ್ಣ
ಗೇರ್ ಲಿವರ್ ಯಾರೂ ಹೇಳ್ಲಿಲ್ವಲ್ಲ. ಲಿವರ್ ಮೇಲೆ ಬರೀ ಒಂದು ಬೆರಳಿಟ್ಟರೆ ಶಬ್ದ ನಿಲ್ಲುತ್ತಾ ನೋಡ್ರಿ. ನಿಂತ್ರೆ ಬುಡದ ಬುಷ್ ಸವೆದದ, ಇಲ್ಲಾ ಆಂಟಿ-ರಾಟಲ್ ಸ್ಪ್ರಿಂಗ್ ಸತ್ತದ. ಹಾಂಗೇ ಕ್ಲಚ್ ಪೆಡಲ್ ಮ್ಯಾಲೆ ಹಗೂರಕ್ಕ ಕಾಲಿಟ್ಟು ನೋಡ್ರಿ: ಕ್ಲೆವಿಸ್ ಪಿನ್ ಸವೆದಿದ್ರ ಪೆಡಲ್ ಬಾಕ್ಸ್ ಒಳಗ ಕಟಕಟ ಅಂತದ. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಿದ್ರ ನೆಲಕ್ಕ ಬಡಿತದ. ಇವೆಲ್ಲಾ ಮ್ಯಾಲಿಂದ ಡ್ಯಾಶ್ ಶಬ್ದ ಅನಿಸ್ತಾವ.

ಗಡಗಡೆ_72
ಗೇರ್ ಲಿವರ್, ಪೆಡಲ್: ವ್ಯತ್ಯಾಸ ಇಲ್ಲ. ಚೋಕ್: ಇಲ್ಲ. ಹೀಟರ್ ಗುಂಡಿ ‘ಬಿಸಿ’ ಕಡೆ ಕೊನೆವರೆಗೆ ತಿರುಗಿಸಿದರೆ ಪೂರ್ತಿ ನಿಶ್ಶಬ್ದ!! ‘ಆಫ್’ಗೆ ತಂದರೆ ವಾಪಸ್.

ಹಳೇಪಾನಾ
ಸಿಕ್ಕಿಬಿದ್ದ.

ನಟ್ಟುಬೋಲ್ಟು
ಒಪ್ಪಿದೆ, ಗ್ಲೋವ್‌ಬಾಕ್ಸ್ ನಿರಪರಾಧಿ. ಈಗ ಆ ಕೇಬಲ್‌ಗೆ ಡಬ್ಲ್ಯುಡಿ-40 ಹೊಡೆದ್ರೆ ಆಯ್ತಲ್ಲ?

ಫೆಲ್ಟ್‌ಪಟ್ಟಿ
ಎಣ್ಣೆ ಹಾಕೋದು ‘ಕಿರ್ರ್’ ಅನ್ನೋದಕ್ಕೆ, ‘ಟರ್ರ್’ ಅನ್ನೋದಕ್ಕಲ್ಲ. ಎರಡು ಮೇಲ್ಮೈ ಒತ್ತಿಕೊಂಡು ಉಜ್ಜಿದರೆ ಕಿರ್ರ್, ಅಲ್ಲಿ ಜಾರಿಸಬೇಕು. ಎರಡು ವಸ್ತು ಬಿಟ್ಟು ಬಿಟ್ಟು ಬಡಿದರೆ ಟರ್ರ್, ಅಲ್ಲಿ ದೂರ ಮಾಡಬೇಕು, ಇಲ್ಲಾಂದ್ರೆ ನಡುವೆ ಮೆತ್ತನೆಯದು ಇಡಬೇಕು. ಟರ್ರ್‌ಗೆ ಎಣ್ಣೆ ಹೊಡೆದರೆ ಸಿಗೋದು ಎಣ್ಣೆ ಹಚ್ಚಿದ ಟರ್ರ್. ಮೇಲಾಗಿ ನಾಳೆ ಟೇಪ್ ಅಂಟಲ್ಲ.

ಸಿಲಿಕೋನ್ ಸ್ಪ್ರೇ ತರೋರಿಗೆ: ಡ್ಯಾಶ್ ಹಿಂದೆ ಬೇಡವೇ ಬೇಡ. ಸ್ವಿಚ್, ರಿಲೇ ಸಂಪರ್ಕಗಳ ಮೇಲೆ ಸಿಲಿಕೋನ್ ಹೋದರೆ ಕಿಡಿಗೆ ಸುಟ್ಟು ಸಿಲಿಕಾ ಪದರ ಕಟ್ಟುತ್ತೆ, ಕರೆಂಟ್ ಹಾಯಲ್ಲ. ಮುಂದೆ ಪೇಂಟ್ ಮಾಡಿಸೋ ತಗಡಿನ ಮೇಲೆ ಬಿದ್ದರೆ ಪೇಂಟು ಗುಂಡಿ ಗುಂಡಿ ಬೀಳುತ್ತೆ. ಬಾಗಿಲ ರಬ್ಬರ್‌ಗೆ ಸಿಲಿಕೋನ್ ಗ್ರೀಸ್ ಒಳ್ಳೆಯದೇ, ಬಟ್ಟೆಗೆ ಹಚ್ಚಿಕೊಂಡು ಒರೆಸಿ, ಸ್ಪ್ರೇ ಮಾಡಬೇಡಿ.

ಹಳೇಪಾನಾ
ಈಗ ಕೆಲಸ. ಬ್ಯಾಟರಿ ಕಳಚಿದ ಮೇಲೆ.

ಗ್ಲೋವ್‌ಬಾಕ್ಸ್ ಒಳಡಬ್ಬಿ ರಟ್ಟಿನಂಥದ್ದಾಗಿದ್ದರೆ ಅವಸರ ಬೇಡ, ಸ್ಕ್ರೂ ತೂತಿನ ಸುತ್ತ ಹರಿಯುತ್ತೆ. ಹರಿದಿದ್ದರೆ ಜೋಡಿಸುವಾಗ ಅಗಲ ವಾಷರ್ ಹಾಕಿ. ಟಾರ್ಚ್ ಹಿಡಿದು ಹೀಟರ್ ಗುಂಡಿಯಿಂದ ಬಲ್ಕ್‌ಹೆಡ್‌ವರೆಗೆ ಕೇಬಲ್ ಪೂರ್ತಿ ನೋಡಿ. ಬಡಿಯೋ ಜಾಗ ಹೊಳೆಯುತ್ತಿರುತ್ತೆ: ಧೂಳು ಹಿಡಿದ ಕೊಳವೆಯ ಮೇಲೆ ಉಗುರಿನಷ್ಟಗಲ ಒರೆಸಿದ ಹಾಗೆ ಶುಭ್ರ ಗುರುತು, ಕೇಬಲ್ ಮೇಲೆ ಅದಕ್ಕೆ ಸರಿಯಾಗಿ ಚಪ್ಪಟೆ. ವೈಪರ್ ರ‍್ಯಾಕ್‌ನ ಲೋಹದ ಕೊಳವೆ ಡ್ಯಾಶ್ ಹಿಂದೆಯೇ ಹಾಯುತ್ತೆ, ಮೊದಲು ಅಲ್ಲಿ ನೋಡಿ.

ಆಮೇಲೆ ಬಲ್ಕ್‌ಹೆಡ್ ಗ್ರೊಮೆಟ್ (ಕೇಬಲ್ ಹಾಯೋ ತೂತಿಗೆ ಹಾಕೋ ರಬ್ಬರ್ ಬಳೆ). ಕಲ್ಲಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಹೊಸದು. ತೂತಿನ ಅಳತೆ ಮತ್ತು ಕೇಬಲ್ ದಪ್ಪ ಎರಡನ್ನೂ ಅಳೆದು ತನ್ನಿ, ಸಡಿಲ ಗ್ರೊಮೆಟ್ ಹಾಕಿದರೆ ಅದೇ ಹೊಸ ಗಿಲಕಿ. ಎಂಜಿನ್ ಕಡೆ ಕೇಬಲ್ ನೇರ ಎಳೆದಿರಬಾರದು. ವಾಲ್ವ್‌ಗೂ ಬಲ್ಕ್‌ಹೆಡ್‌ಗೂ ನಡುವೆ 30-40 ಮಿ.ಮೀ. ಸಡಿಲು ಸಿಗೋ ಹಾಗೆ ದೊಡ್ಡ ಬಾಗು ಕೊಡಿ, ಬಾಗಿನ ತ್ರಿಜ್ಯ 100 ಮಿ.ಮೀ.ಗಿಂತ ಕಡಿಮೆಯಾದರೆ ಒಳತಂತಿ ಹಿಡಿಯುತ್ತೆ. ಬಾಗು ಎಕ್ಸಾಸ್ಟ್ ಕಡೆ ತಿರುಗದಿರಲಿ. ಒಳಗಿನ ಕೇಬಲನ್ನ ಮಧ್ಯದಲ್ಲೊಂದು ಕಡೆ ಕ್ಲಿಪ್ಪಿಗೆ ಸಿಕ್ಕಿಸಿ.

ಲೆಕ್ಕದಮೇಷ್ಟ್ರು
ಕ್ಲಿಪ್ಪನ್ನ ನಡುಮಧ್ಯಕ್ಕೇ ಹಾಕಬೇಡಿ, ಮೂರನೇ ಒಂದು ಭಾಗದ ಹತ್ತಿರ ಹಾಕಿ. ಸಮಭಾಗ ಮಾಡಿದರೆ ಎರಡು ತುಂಡಿಗೂ ಒಂದೇ ಸ್ವಾಭಾವಿಕ ಆವರ್ತನ, ನಡುಗಿದರೆ ಎರಡೂ ಜೋಡಿಯಾಗಿ ನಡುಗುತ್ತವೆ. ತುಂಡು ಗಿಡ್ಡವಾದಷ್ಟೂ ಆವರ್ತನ ಏರುತ್ತೆ, ಭಾರ ಸೇರಿಸಿದರೆ ಇಳಿಯುತ್ತೆ. ಬರೀ ಭಾರದ ಟೇಪ್ ಸುತ್ತಿ ಬಿಟ್ಟವರಿಗೆ ಶಬ್ದ 2300 ಬಿಟ್ಟು 1900ಕ್ಕೆ ಹೋಗೋದು ಇದಕ್ಕೇ.

ಫೆಲ್ಟ್‌ಪಟ್ಟಿ
ಟೇಪ್ ಬಗ್ಗೆ: ವೈರಿಂಗ್‌ಗೆ ಬಳಸೋ ಫ್ಲೀಸ್ ಟೇಪ್, 19 ಮಿ.ಮೀ. ಅಗಲ. ಟೆಸಾ 51608 ಅಂಥದ್ದು, ಮೇಲ್ಮೈ ಉಣ್ಣೆ ಬಟ್ಟೆ ಇದ್ದ ಹಾಗೆ. ತಾಗೋ ಜಾಗದ ಎರಡೂ ಕಡೆ 50 ಮಿ.ಮೀ.ನಂತೆ ಒಟ್ಟು 100 ಮಿ.ಮೀ., ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚುವ ಹಾಗೆ. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎಣ್ಣೆ-ಧೂಳು ಒರೆಸಿ, ಪೂರ್ತಿ ಆರಲಿ. ಇದು ಕ್ಯಾಬಿನ್ ಒಳಗೆ ಮಾತ್ರ; ಎಂಜಿನ್ ಕಡೆಗೆ ಬಿಸಿ ತಾಳೋ ಪಾಲಿಯೆಸ್ಟರ್ ಬಟ್ಟೆ ಟೇಪ್ ಬೇಕು. ಕಪ್ಪು ಪಿವಿಸಿ ಇನ್ಸುಲೇಷನ್ ಟೇಪ್ ಎಲ್ಲೂ ಬೇಡ, ಬಿಸಿಗೆ ಅಂಟು ಕರಗಿ ಜಾರಿ ಕೊನೆಗೆ ಕೈಗೆಲ್ಲ ಮೆತ್ತೋದೇ ಅದು.

ಫೋಮ್ ಪಟ್ಟಿ ಹಾಕೋದಾದ್ರೆ ಕ್ಲೋಸ್ಡ್-ಸೆಲ್ ಮಾತ್ರ. ನೀರಲ್ಲಿ ಅದ್ದಿ ಹಿಂಡಿ ನೋಡಿ. ಸ್ಪಂಜಿನ ತರ ನೀರು ಬಂದರೆ ಅದು ಓಪನ್-ಸೆಲ್, ತಗಡಿನ ಹತ್ತಿರ ತರಬೇಡಿ.

ನಟ್ಟುಬೋಲ್ಟು
ಹಾಗೇ ಎಲ್ಲಾ ಸ್ಕ್ರೂಗೂ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದ ಹಾಗೆ ಹಿಡಿಯೋ ಅಂಟು) ಒಂದೊಂದು ತೊಟ್ಟು?

ಸೀಟಿನಡಿ
ಪ್ಲಾಸ್ಟಿಕ್‌ಗೆ ಹಾಕಬೇಡಿ. ಎಬಿಎಸ್, ಪಾಲಿಕಾರ್ಬೊನೇಟ್ ಎರಡೂ ಅದಕ್ಕೆ ಬಿರುಕು ಬಿಡುತ್ತವೆ. ತಗಡಿಗೆ ಹೋಗೋ ಸೆಲ್ಫ್-ಟ್ಯಾಪಿಂಗ್ ಸ್ಕ್ರೂ ಸಡಿಲಾಗೋದು ಬಹಳ ಸಲ ಸ್ಪ್ರಿಂಗ್ ಯು-ನಟ್ ಬಾಯಿ ಬಿಟ್ಟಿರೋದ್ರಿಂದ, ಅದನ್ನೇ ಬದಲಿಸಿ. 8ನೇ ನಂಬರ್ ಸ್ಕ್ರೂ ತಿರುಗ್ತಾನೇ ಇದ್ರೆ 10ನೇ ನಂಬರ್ ಹಾಕೋದು ಕೊನೇ ಉಪಾಯ, ಒಂದು ಸಲ ತೂತು ದೊಡ್ಡದಾದ್ರೆ ಹಿಂದಕ್ಕೆ ಬರಲ್ಲ.

ಗಡಗಡೆ_72
ಹೇಳಿದ ಹಾಗೇ ಇತ್ತು. ವೈಪರ್ ಕೊಳವೆ ಮೇಲೆ ಹೊಳೆಯೋ ಗುರುತು, ಸುಮಾರು 12 ಮಿ.ಮೀ. ಉದ್ದ. ಬಲ್ಕ್‌ಹೆಡ್‌ನಲ್ಲಿ ಗ್ರೊಮೆಟ್ಟೇ ಇಲ್ಲ, ಕೇಬಲ್ ಹೊರಕವಚ ಬರೀ ತಗಡಿನ ಅಂಚಿಗೆ ಕೂತಿದೆ. ಎಂಜಿನ್ ಕಡೆ ತಂಬೂರಿ ತಂತಿ ತರ ಬಿಗಿ. ಗ್ರೊಮೆಟ್, ಸಡಿಲ ಬಾಗು, ಫ್ಲೀಸ್ ಟೇಪ್, ಮೂರನೇ ಒಂದರಲ್ಲಿ ಕ್ಲಿಪ್ ಆಯ್ತು. 800ರಿಂದ 3500ರವರೆಗೆ ಸ್ವಚ್ಛ. ಮುಚ್ಚಳ ಒತ್ತಬೇಕಿಲ್ಲ.

ಈಗ ಅದು ಹೋದ ಮೇಲೆ ಇನ್ನೊಂದು ಕೇಳ್ತಿದೆ 😑 ಎಡಬಾಗಿಲು, ಗಾಜು ಅರ್ಧ ಇಳಿಸಿದಾಗ ಹಳ್ಳದಲ್ಲಿ ‘ಕಟಕಟ’. ಪೂರ್ತಿ ಏರಿಸಿದರೆ ಇಲ್ಲ.

ಬಡಗುಮನೆ
ನಾನು ಹೇಳ್ಲಿಲ್ವಾ, ಮಾತಾಡ್ಲೇಬೇಕು ಅಂತ 😄

ಫೆಲ್ಟ್‌ಪಟ್ಟಿ
ಅರ್ಧಕ್ಕೆ ಮಾತ್ರ ಅಂದ್ರೆ ಗಾಜಿನ ಚಾನೆಲ್. ಮೇಲೇರಿದಾಗ ಛಾವಣಿ ಅಂಚಿನ ರಬ್ಬರ್ ಗಾಜನ್ನ ಹಿಡಿಯುತ್ತೆ, ಇಳಿದಾಗ ಹಿಡಿಯೋದು ಎರಡು ಪಕ್ಕದ ಫೆಲ್ಟ್ ಪಟ್ಟಿ ಮಾತ್ರ. ಅರ್ಧ ಇಳಿಸಿ ಗಾಜನ್ನ ಎರಡು ಬೆರಳಲ್ಲಿ ಹಿಡಿದು ಒಳಗೆ-ಹೊರಗೆ ಅಲ್ಲಾಡಿಸಿ, ಮೂರು-ನಾಲ್ಕು ಮಿ.ಮೀ. ಆಡಿದರೆ ಪಟ್ಟಿ ಸವೆದಿದೆ ಅಥವಾ ಗೈಡ್ ಚಾನೆಲ್‌ನ ಕೆಳಬೋಲ್ಟು ಸಡಿಲ. ಬೋಲ್ಟ್ ಮೊದಲು ನೋಡಿ, ಅದಕ್ಕೆ ಖರ್ಚಿಲ್ಲ. ಬಾಗಿಲ ಪ್ಯಾನೆಲ್ ತೆಗೆದಾಗ ಚಿಲಕದ ಕಡ್ಡಿಗಳಿಗೂ ಒಂದೆರಡು ಸುತ್ತು ಫ್ಲೀಸ್ ಟೇಪ್ ಸುತ್ತಿ, ಪ್ಲಾಸ್ಟಿಕ್ ಕ್ಲಿಪ್ ಒಡೆದಿದ್ದರೆ ಬದಲಿಸಿ, ಬಾಗಿಲ ತಳದಲ್ಲಿ ಅಯಸ್ಕಾಂತ ಆಡಿಸಿ. ಬಿದ್ದ ಸ್ಕ್ರೂ ಇದ್ದರೆ ಅಂಟಿಕೊಂಡು ಬರುತ್ತೆ. ಒಳಗಿನ ಪ್ಲಾಸ್ಟಿಕ್ ಹಾಳೆ ಹರಿಯಬೇಡಿ, ಬ್ಯುಟೈಲ್ ಪಟ್ಟಿಯಿಂದ ವಾಪಸ್ ಅಂಟಿಸಿ, ಇಲ್ಲಾಂದ್ರೆ ಮಳೆನೀರು ಕಾರ್ಪೆಟ್‌ಗೆ. ತಳದ ನೀರು ಹೋಗೋ ತೂತುಗಳನ್ನ ಡ್ಯಾಂಪಿಂಗ್ ಶೀಟ್‌ನಿಂದ ಮುಚ್ಚಲೇಬೇಡಿ.

ಗೇರಣ್ಣ
ಮುಂದಿನ ತ್ರಿಕೋನ ಕಿಟಕಿ ಪಿವಟ್ ಸ್ಪ್ರಿಂಗೂ ನೋಡ್ಕೋರಿ, ಪ್ಯಾನೆಲ್ ಬಿಚ್ಚಿದಾಗ್ಲೇ ಸಿಗೋದು ಅದು.

ಹಳೇಪಾನಾ
ಬಾಗಿಲಿಗೆ ಹೋಗೋ ಮುಂಚೆ ಹೀಟರ್ ಕೆಲಸ ಪೂರ್ತಿ ಮುಗಿಸಿ. ಕೇಬಲ್ ದಾರಿ ಬದಲಾಯಿಸಿದ್ದೀರಿ, ಅಂದ್ರೆ ಉದ್ದದ ಲೆಕ್ಕವೂ ಬದಲಾಗಿದೆ. ಎಂಜಿನ್ ತಣ್ಣಗಿರುವಾಗ ವಾಲ್ವ್ ಹತ್ತಿರದ ಒಳತಂತಿ ಸ್ಕ್ರೂ ಸಡಿಲಿಸಿ, ಗುಂಡಿಯನ್ನ ‘ಆಫ್’ಗೆ ತಂದು ಕೂದಲೆಳೆಯಷ್ಟು ಹಿಂದಕ್ಕೆ ಬಿಡಿ, ವಾಲ್ವ್ ಲಿವರನ್ನ ಕೈಯಿಂದ ಪೂರ್ತಿ ಮುಚ್ಚಿ ಹಿಡಿದು ಸ್ಕ್ರೂ ಬಿಗಿಯಿರಿ. ಗುಂಡಿ ಕೊನೆ ಮುಟ್ಟೋ ಮುಂಚೆಯೇ ವಾಲ್ವ್ ಮುಚ್ಚಿರಬೇಕು. ಆಮೇಲೆ ‘ಬಿಸಿ’ ಕಡೆ ತಿರುಗಿಸಿ, ಲಿವರ್ ಪೂರ್ತಿ ತೆರೆಯುತ್ತಾ ನೋಡಿ. ಎಂಜಿನ್ ಬಿಸಿಯಾದ ಮೇಲೆ ‘ಆಫ್’ನಲ್ಲಿ ಹೀಟರ್‌ಗೆ ಹೋಗೋ ಹೋಸ್ ಮುಟ್ಟಿ, ವಾಲ್ವ್ ಆಚೆಯ ತುಂಡೂ ಕೈ ಸುಡುವಷ್ಟಿದ್ದರೆ ಇನ್ನೂ ಸೋರುತ್ತಿದೆ.

ಗಡಗಡೆ_72
ಅದನ್ನ ಮರೆತೇ ಬಿಟ್ಟಿದ್ದೆ. ಈಗ ನೋಡಿದ್ರೆ ‘ಆಫ್’ನಲ್ಲೂ ಕಾಲಿಗೆ ಬಿಸಿಗಾಳಿ ಬರ್ತಿದೆ. ಸ್ಕ್ರೂಡ್ರೈವರ್ ಹಿಡ್ಕೊಂಡು ಮತ್ತೆ ಹೊರಟೆ.